ಖಂಡಸ್ಫುಟಿತಕ್ಕೆ ಬಿಟ್ಟ ಭೂಮಿ



ಬಿದ್ದ ಗುಡಿ ಕಂಡ ಕೂಡಲೇ ನಮ್ಮ ಬಾಯಿಗೆ ಬರುವ ಮೊದಲ ಪ್ರಶ್ನೆ ‘ಯಾರು ಒಡೆದರು?’ ಹಂಪಿಯ ಕಥೆ ಕೇಳಿ ಬೆಳೆದವರಲ್ಲವೇ ನಾವು! ಶಿಕಾರಿಪುರ, ಸೊರಬದ ಕಡೆ ಓಡಾಡುವವರು ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ತಡೆಹಿಡಿಯುವುದು ಒಳ್ಳೆಯದು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಶಿವಾಲಯ, ಬಸದಿಗಳ ಜೊತೆಗೆ ಇಲ್ಲೊಂದು ಬೌದ್ಧ ವಿಹಾರವೂ ಇತ್ತು. ಇಲ್ಲಿನ ಕೋಡಿಯ ಮಠದಲ್ಲಿ ವ್ಯಾಕರಣ, ಪುರಾಣಗಳ ಪಾಠ ನಡೆಯುತ್ತಿತ್ತು, ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು ಸಿಗುತ್ತಿತ್ತು ಎಂದು 1162ರ ಶಾಸನ ಹೇಳುತ್ತದೆ.

ಇಂಥ ದಾನಶಾಸನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ಸರಿಪಡಿಸುವುದು. ದೇವರ ನೈವೇದ್ಯಕ್ಕೆ, ತಪೋಧನರ ಊಟಕ್ಕೆ ಗದ್ದೆ ಬಿಡುವಾಗಲೇ ದುರಸ್ತಿಗೂ ಪಾಲು ಬರೆದಿಡುತ್ತಿದ್ದರು. ಮಲೆನಾಡಿನ ಅಂಚಿನ ಮಳೆ ಕಂಡವರು ಅವರು. ಕಲ್ಲಿನ ಸಂದಿಯಲ್ಲಿ ಆಲದ ಬೀಜ ಬಿದ್ದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಭೂಮಿಯ ಹುಟ್ಟುವಳಿ ಬರುವವರೆಗೆ ಗುಡಿ ನಿಂತಿತು. ಕಲ್ಯಾಣದ ಚಾಲುಕ್ಯರು ಹೋದರು, ಹೊಯ್ಸಳರೂ ಸೇವುಣರೂ ಈ ನಾಡಿಗಾಗಿ ಕಾದಾಡಿದರು, ಕ್ರಮೇಣ ಅಧಿಕಾರ ಬೇರೆಡೆಗೆ ಸರಿಯಿತು. ದಾಳಿ, ಲೂಟಿ ನಡೆದಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಪೆಟ್ಟು ಬಿದ್ದ ಮೇಲೆ ರಿಪೇರಿ ಮಾಡುವವರಿಲ್ಲದ್ದೇ ದೊಡ್ಡ ಪೆಟ್ಟು ಎಂಬುದು ನನ್ನ ಅನಿಸಿಕೆ.

ಅದೇ ತಾಲ್ಲೂಕಿನ ಬಂದಳಿಕೆಗೆ ಹೋಗಿ ನೋಡಿ. ಹತ್ತನೆಯ ಶತಮಾನದ ಆರಂಭದಲ್ಲಿ ಗಂಡನ ಮರಣಾನಂತರ ನಾಗರಖಂಡ ಎಪ್ಪತ್ತು ನಾಡನ್ನು ಆಳಿದ ಜಕ್ಕಿಯಬ್ಬೆ ಸಲ್ಲೇಖನ ವ್ರತ ಹಿಡಿದು ಪ್ರಾಣಬಿಟ್ಟದ್ದು ಇಲ್ಲಿ. ಶಾಂತಿನಾಥ ಬಸದಿ, ತ್ರಿಮೂರ್ತಿ ದೇವಾಲಯ, ಸೋಮೇಶ್ವರ ಗುಡಿ ಇನ್ನೂ ಇವೆ. ಅವುಗಳ ಸುತ್ತ ಇದ್ದ ಪಟ್ಟಣ ಮಾತ್ರ ಇಲ್ಲ.

ಅಲ್ಲೇ ಶಿಕಾರಿಪುರ ತಾಲ್ಲೂಕಿನ ತಾಳಗುಂದದ್ದು ಬೇರೆ ಕಥೆ; ಅಲ್ಲಿ ಕಲ್ಲೇ ಮಾತಾಡುತ್ತದೆ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ ಕುಬ್ಜ ಕವಿಯ ಸಂಸ್ಕೃತ ಪದ್ಯಗಳ ಸಾಲುಗಳು ಅಡ್ಡಕ್ಕಲ್ಲ, ಕಂಬದ ಉದ್ದಕ್ಕೆ ಸಾಗುತ್ತವೆ. ಕತ್ತು ಓರೆ ಮಾಡದೆ ಓದಲಾಗದು. ಕದಂಬ ವಂಶದ ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದು ಈ ಕಲ್ಲಿನಿಂದ. ಅದೇ ವಂಶದ ಕಾಕುತ್ಸ್ಥವರ್ಮ ಗುಡಿಗಾಗಿ ಕೆರೆ ಕಟ್ಟಿಸಿದ್ದೂ ಇದರಲ್ಲೇ ಇದೆ.

ಈಗಿನ ಕಾಟ ನಿಧಿಗಳ್ಳರದು. ಅಮಾವಾಸ್ಯೆ ನೋಡಿಕೊಂಡು ಬಂದು ಲಿಂಗ ಕಿತ್ತು, ಪೀಠದಡಿ ಅಗೆಯುತ್ತಾರೆ. ದಾನವಾಗಿ ಬಂದದ್ದು ಗದ್ದೆ. ಅದನ್ನು ಪೀಠದಡಿ ಹೂತಿಡುವುದು ಹೇಗೆ ಎಂದು ಆ ಮಹಾನುಭಾವರು ಯೋಚಿಸಿದಂತಿಲ್ಲ.

ಸಂರಕ್ಷಿತ ಸ್ಮಾರಕಗಳನ್ನು ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ಹೊಲದ ಬದುವಿನ ವೀರಗಲ್ಲಿಗೆ ಯಾರಿದ್ದಾರೆ? ನಿಮ್ಮೂರಲ್ಲಿ ಅಕ್ಷರವಿರುವ ಕಲ್ಲಿದ್ದರೆ ರೈಸ್ ಸಾಹೇಬರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ ತೆರೆದು ನೋಡಿ. 1902ರ ಏಳನೆಯ ಸಂಪುಟದಲ್ಲಿ ಶಿಕಾರಿಪುರ, 1904ರ ಎಂಟನೆಯದರಲ್ಲಿ ಸೊರಬ ಇವೆ. ಊರಿನ ಹೆಸರು ಸಿಕ್ಕರೆ, ನಿಮ್ಮ ಗುಡಿಯ ದುರಸ್ತಿಗೆ ಯಾವ ಗದ್ದೆ ಬಿಟ್ಟಿದ್ದರೆಂಬುದೂ ಅಲ್ಲೇ ಸಿಗಬಹುದು.