ಉಲ್ಲೇಖದ ಎಣಿಕೆ, ಬರೆದವರ ಹಕ್ಕು



ಇಂದು ಪದವಿ ಸ್ವೀಕರಿಸುತ್ತಿರುವವರಲ್ಲಿ ಸಂಶೋಧನೆಯ ಹಾದಿ ಹಿಡಿಯುವವರು ಬಹುಬೇಗ ಎರಡು ಸಂಗತಿಗಳಿಗೆ ಮುಖಾಮುಖಿಯಾಗುತ್ತಾರೆ. ಒಂದು, ಅವರ ಬರಹವನ್ನು ಅಳೆಯುವ ಅಂಕಿ. ಇನ್ನೊಂದು, ಆ ಬರಹದ ಒಡೆತನವನ್ನು ಪ್ರಕಾಶಕರಿಗೆ ವಹಿಸಿಕೊಡುವ ಪತ್ರ.

ಹಿಂದಿನವರ ಲೇಖನದಿಂದ ಪಡೆದುದನ್ನು ಹೆಸರು ಹೇಳಿ ಒಪ್ಪಿಕೊಳ್ಳುವುದೇ ಉಲ್ಲೇಖ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಉಲ್ಲೇಖಗಳ ಸೂಚಿಯೊಂದನ್ನು ಪ್ರಸ್ತಾಪಿಸಿದಾಗ, ಒಂದು ಲೇಖನವನ್ನು ಮುಂದೆ ಯಾರು ಬೆಳೆಸಿದರು, ಯಾರು ಟೀಕಿಸಿದರು ಎಂಬುದು ಓದುಗರಿಗೆ ಸುಲಭವಾಗಿ ಸಿಗಲಿ ಎಂಬುದು ಅವರ ಆಶಯವಾಗಿತ್ತು. ಅದರ ಫಲವಾಗಿ 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಪ್ರಕಟವಾಯಿತು. ಅದೇ ಕೆಲಸದಿಂದ ಮೂಡಿಬಂದ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಳತೆಯು, ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿ ಪಡೆಯುವ ಸರಾಸರಿ. ಪತ್ರಿಕೆಗಳನ್ನು ಆರಿಸಿಕೊಳ್ಳಲು ನೆರವಾಗುವ ಈ ಸರಾಸರಿಯನ್ನು ವ್ಯಕ್ತಿಗಳ ನೇಮಕ ಮತ್ತು ಬಡ್ತಿಗೆ ಬಳಸತೊಡಗಿದ್ದು ದೊಡ್ಡ ಅನ್ಯಾಯ. ಏಕೆಂದರೆ ಬಹುಪಾಲು ಉಲ್ಲೇಖಗಳು ಕೆಲವೇ ಲೇಖನಗಳಿಗೆ ಸಲ್ಲುವುದರಿಂದ, ಪತ್ರಿಕೆಯ ಸರಾಸರಿಯು ಅದರಲ್ಲಿನ ಯಾವುದೇ ಒಂದು ಲೇಖನದ ಯೋಗ್ಯತೆಯನ್ನು ಹೇಳಲಾರದು. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಮುಂದಿಟ್ಟ ಎಚ್-ಇಂಡೆಕ್ಸ್ ವ್ಯಕ್ತಿಯನ್ನೇ ಅಳೆಯುತ್ತದೆ. ಹತ್ತು ಲೇಖನಗಳಿಗೆ ತಲಾ ಹತ್ತಾದರೂ ಉಲ್ಲೇಖ ಬಂದಿದ್ದು, ಹನ್ನೊಂದಕ್ಕೆ ತಲಾ ಹನ್ನೊಂದು ಬಂದಿರದಿದ್ದರೆ ಆ ಅಂಕಿ ಹತ್ತು. ಅದು ಏರಬಲ್ಲದೇ ಹೊರತು ಇಳಿಯದಾದ್ದರಿಂದ ಹಿರಿಯರಿಗೆ ಅನುಕೂಲ, ಹೊಸಬರಿಗೆ ಪ್ರತಿಕೂಲ. ಇನ್ನು ಶಾಸನ, ಹಸ್ತಪ್ರತಿ, ಜಾನಪದಗಳ ಕುರಿತು ಕನ್ನಡದಲ್ಲಿ ನಡೆದ ಸಂಶೋಧನೆಯ ಬಹುಭಾಗವು ಇಂತಹ ಉಲ್ಲೇಖ ಸೂಚಿಗಳ ಒಳಗೇ ಬಂದಿಲ್ಲ. ಅಲ್ಲಿ ಕಾಣುವ ಸೊನ್ನೆಯನ್ನು ವಿದ್ವತ್ತಿನ ಕೊರತೆ ಎಂದು ಓದುವುದು ಸಲ್ಲದು.

ಒಡೆತನದ ವಿಷಯದಲ್ಲಿ ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವು ಲೇಖಕರ ಪರವಾಗಿಯೇ ಇದೆ. ಬರಹ ರೂಪುಗೊಂಡೊಡನೆ, ನೋಂದಣಿಯಿಲ್ಲದೆಯೂ, ಹಕ್ಕು ಹುಟ್ಟುತ್ತದೆ. ಲೇಖಕರ ಮರಣಾನಂತರ 60 ವರ್ಷ ಉಳಿಯುತ್ತದೆ. ಹಕ್ಕಿನ ವರ್ಗಾವಣೆ ಲಿಖಿತವಾಗಿರಲೇಬೇಕು; ಪತ್ರದಲ್ಲಿ ಅವಧಿ ಹೇಳಿರದಿದ್ದರೆ ಅದು 5 ವರ್ಷಕ್ಕೆ, ಪ್ರದೇಶ ಹೇಳಿರದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಆದರೆ ಪ್ರಕಾಶಕರ ಅನೇಕ ಮುದ್ರಿತ ನಮೂನೆಗಳು ಪೂರ್ಣ ಅವಧಿಯನ್ನೂ ಇಡೀ ಜಗತ್ತನ್ನೂ ನಮೂದಿಸಿಯೇ ಬರುವುದರಿಂದ, ಓದದೆ ಸಹಿ ಹಾಕಿದವರಿಗೆ ಈ ರಕ್ಷಣೆ ದಕ್ಕುವುದಿಲ್ಲ. ಹಕ್ಕು ವರ್ಗವಾದ ಮೇಲೂ ಕೃತಿಕಾರರೆಂದು ಹೆಸರು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಪ್ರಕರಣ ಕಾಪಾಡುತ್ತದೆ ಎಂಬುದು ಸಮಾಧಾನದ ಸಂಗತಿಯಾದರೂ, ತಮ್ಮದೇ ಲೇಖನವನ್ನು ಮರುಮುದ್ರಿಸಲು ಅನುಮತಿ ಬೇಡಬೇಕಾದ ಸ್ಥಿತಿ ಅದರಿಂದ ತಪ್ಪದು. ವರ್ಗಾವಣೆಯ ಬದಲು, ಒಡೆತನ ಉಳಿಸಿಕೊಂಡು ಬಳಕೆಗೆ ಮಾತ್ರ ಒಪ್ಪಿಗೆ ಕೊಡುವ ಪರವಾನಗಿಯೂ ಉಂಟು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಈ ಬಗೆಯವು.

ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆ ಸಾರ್ವಜನಿಕರ ಓದಿಗೆ ಸಿಗಲೇಬೇಕು. ಆದ್ದರಿಂದ ಇಲ್ಲಿಂದ ಹೊರಡುವ ಸಂಶೋಧಕರು, ಮೊದಲ ಲೇಖನ ಸ್ವೀಕೃತವಾದ ಸಂತೋಷದಲ್ಲಿಯೂ ಹಕ್ಕು ವರ್ಗಾವಣೆಯ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿ, ತಮ್ಮ ಹಸ್ತಪ್ರತಿಯನ್ನು ವಿಶ್ವವಿದ್ಯಾಲಯದ ಮುಕ್ತ ಭಂಡಾರದಲ್ಲಿ ಇರಿಸುವ ಹಕ್ಕನ್ನು ಲಿಖಿತವಾಗಿ ಕೇಳಿ ಪಡೆದ ಬಳಿಕವೇ ಸಹಿ ಹಾಕಬೇಕೆಂಬುದು ಈ ವೇದಿಕೆಯ ವಿನಂತಿ.