ಅಂಗಳದ ಹೂವಿಗೊಂದು ಲೆಕ್ಕದ ಪುಸ್ತಕ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವಾರ್ಷಿಕೋತ್ಸವವೆಂದರೆ ಭಾಷೆಯ ಅಳಿವು ಉಳಿವುಗಳನ್ನು ಕುರಿತು ಮಾತನಾಡುವುದು ರೂಢಿಯಾಗಿ ಬಂದಿದೆ. ನಾವಾದರೋ ಇಂದು ಮನೆಯಂಗಳದ ಹೂಗಿಡಗಳನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ನಿಂತಿದ್ದೇವೆ. ವಿಷಯವು ಹಗುರವಾಯಿತೆಂದು ಹಿರಿಯರು ಭಾವಿಸಬಾರದು. ಹೂವಿನ ದಾರಿಯನ್ನು ಹಿಡಿದು ಹೋದರೂ ಕೊನೆಗೆ ನಾವು ಭಾಷೆಯ ಬಾಗಿಲಿಗೇ ಬಂದು ಸೇರುತ್ತೇವೆಂಬುದನ್ನು ತಾವೇ ಕಾಣುವಿರಿ.

ಈ ಸೀಮೆಯಲ್ಲಿ ದೇವಾಂಗರ ಮನೆಗಳುಂಟು, ಒಕ್ಕಲಿಗರ ಮನೆಗಳುಂಟು, ಕುರುಬರ ಮನೆಗಳುಂಟು. ನಮ್ಮ ಹಿರಿಯರು ಘಟ್ಟವನ್ನಿಳಿದು ಬಂದು ಇಲ್ಲಿ ನೆಲೆಸಿ ತಲೆಮಾರುಗಳೇ ಕಳೆದಿವೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿದ್ದಿತು. 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಯಿತು. ಆಡಳಿತದ ಎಲ್ಲೆಗಳು ಹೀಗೆ ಸರಿಯುತ್ತಲೇ ಬಂದಿವೆ. ಆದರೆ ಬಾಗಿಲ ಮುಂದೆ ನಾಲ್ಕು ಹೂಗಿಡಗಳನ್ನು ಬೆಳೆಸಿ, ಬೆಳಗಿನ ಪೂಜೆಗೆ ಒಂದು ಹಿಡಿ ಹೂವನ್ನು ಮನೆಯಲ್ಲಿಯೇ ಕೊಯ್ಯುವ ಪದ್ಧತಿಯನ್ನು ನಮ್ಮ ತಾಯಂದಿರು ಬಿಟ್ಟುಕೊಟ್ಟಿಲ್ಲ. ಆ ಪದ್ಧತಿಗೆ ಒಂದು ಪುಸ್ತಕವನ್ನು ಜೊತೆಗೂಡಿಸಬೇಕೆಂಬುದೇ ನಮ್ಮ ಇಂದಿನ ಬಿನ್ನಹ.

ಮೊದಲು ನಮ್ಮ ನೆಲದ ಗುಣವನ್ನು ನೋಡೋಣ. ಪಶ್ಚಿಮ ಘಟ್ಟಗಳ ಸಾಲು ಪಾಲಕ್ಕಾಡಿನ ಬಳಿ ಕಡಿದು, ಸುಮಾರು 30 ಕಿಲೋಮೀಟರು ಅಗಲದ ಕಣಿವೆಯಾಗಿದೆ. ಜೂನ್ ತಿಂಗಳಿಂದ ಮುಂಗಾರಿನ ಗಾಳಿ ಆ ಕಣಿವೆಯ ಮೂಲಕ ನಮ್ಮ ಮೇಲೆ ಬೀಸುತ್ತದೆ; ಆದರೆ ಮಳೆಯ ಹೆಚ್ಚಿನ ಪಾಲನ್ನು ಮಲೆಯಾಳ ದೇಶದಲ್ಲಿಯೇ ಸುರಿಸಿ ಬರುತ್ತದೆ. ನಮಗೆ ನಿಜವಾದ ಮಳೆಗಾಲವೆಂದರೆ ಅಕ್ಟೋಬರ್, ನವೆಂಬರ್ ತಿಂಗಳುಗಳ ಹಿಂಗಾರು. ಆದುದರಿಂದ ಮೈಸೂರಿನ ಕಡೆಯ ನೆಂಟರು ಬರೆದು ಕಳುಹಿಸಿದ ತೋಟದ ಕ್ರಮವಾಗಲಿ, ಬೆಂಗಳೂರಿನಲ್ಲಿ ಅಚ್ಚಾದ ಪುಸ್ತಕದ ತಿಂಗಳ ಪಟ್ಟಿಯಾಗಲಿ ಇಲ್ಲಿಗೆ ಹಾಗೆಯೇ ಒಗ್ಗುವುದಿಲ್ಲ. ನಮ್ಮ ಅಂಗಳದ ಪಟ್ಟಿಯನ್ನು ನಮ್ಮ ಅಂಗಳದಲ್ಲಿಯೇ ಬರೆದುಕೊಳ್ಳಬೇಕು.

ವಸಂತವು ಇಲ್ಲಿ ಒಂದೇ ದಿನ ಬರುವ ಅತಿಥಿಯಲ್ಲ. ಚಳಿ ಇರುವಾಗಲೇ ಮಾವು ಹೂತಳೆಯುತ್ತದೆ. ಅನಂತರ ಎಲೆಯುದುರಿದ ಮುತ್ತುಗದ ಕೊಂಬೆಗಳು ಕೆಂಪಾಗುತ್ತವೆ. ಮಾರ್ಚಿಯಲ್ಲಿ ಗುಂಡುಮಲ್ಲಿಗೆಯ ಮೊದಲ ಮೊಗ್ಗುಗಳು ಕಾಣುತ್ತವೆ. ಬೇವು ಹೊಸ ಚಿಗುರಿನೊಡನೆ ಹೂ ಚೆಲ್ಲುತ್ತದೆ. ಹೊಂಗೆಯ ನೆರಳು ಉದುರಿದ ಹೂವಿನಿಂದ ತುಂಬುತ್ತದೆ. ಏಪ್ರಿಲ್ ಬಂದಿತೆಂದರೆ ಕಕ್ಕೆಯ ಮರ ಹಳದಿ ಗೊಂಚಲುಗಳನ್ನು ಇಳಿಬಿಡುತ್ತದೆ. ಈ ಸಾಲು ಹೆಚ್ಚುಕಡಮೆ ಸ್ಥಿರವಾದುದು. ಆದರೆ ದಿನಗಳು ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುತ್ತವೆ. ಎಷ್ಟು ಹಿಂದು, ಎಷ್ಟು ಮುಂದು ಎಂಬುದನ್ನು ನೆನಪಿನಿಂದ ಹೇಳಹೊರಟರೆ ಮನೆಯಲ್ಲಿ ನಾಲ್ವರು ನಾಲ್ಕು ಬಗೆಯಾಗಿ ಹೇಳುವರು. ಬರೆದಿಟ್ಟರೆ ಮಾತ್ರ ತಿಳಿಯುವುದು.

ಬರೆಯುವಾಗ ತಿಥಿಯನ್ನೇ ಬರೆಯಬೇಕೆ, ತಾರೀಖನ್ನೇ ಎಂಬ ಪ್ರಶ್ನೆ ಬರುವುದು. ನಮ್ಮ ಯುಗಾದಿ ಚಾಂದ್ರಮಾನದ್ದು. ಚಾಂದ್ರವರ್ಷಕ್ಕೆ ಸುಮಾರು 354 ದಿನ. ಸೌರವರ್ಷಕ್ಕಿಂತ 11 ದಿನ ಕಡಮೆ. ಅಧಿಕಮಾಸ ಬಂದು ಆ ಕೊರತೆಯನ್ನು ತುಂಬುತ್ತದೆ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂದಿತು. 2024ರಲ್ಲಿ ಏಪ್ರಿಲ್ 9ಕ್ಕೆ. 2025ರಲ್ಲಿ ಮಾರ್ಚ್ 30ಕ್ಕೆ. ಯುಗಾದಿಯ ಬೇವುಬೆಲ್ಲಕ್ಕೆ ಒಂದು ವರ್ಷ ಹೂ ಧಾರಾಳವಾಗಿ ಸಿಕ್ಕು, ಮತ್ತೊಂದು ವರ್ಷ ಬರಿಯ ಚಿಗುರೇ ಸಿಕ್ಕಿದರೆ ಬೇವಿನ ಮರವನ್ನು ದೂರುವಂತಿಲ್ಲ. ಸರಿದದ್ದು ಹಬ್ಬದ ದಿನ. ನಮ್ಮ ತಮಿಳು ನೆರೆಹೊರೆಯವರು ಸೌರಮಾನದ ಚಿತ್ತಿರೈ ಮೊದಲ ದಿನ, ಎಂದರೆ ಏಪ್ರಿಲ್ 14ರ ಸುಮಾರಿಗೆ, ಅದೇ ಬೇವಿನ ಹೂವಿನಿಂದ ಪಚ್ಚಡಿ ಮಾಡುವರು. ಹೂವಿನ ಲೆಕ್ಕಕ್ಕೆ ಸೌರಮಾನವೇ ಅನುಕೂಲ. ಗಿಡಮರಗಳು ಕಾಯುವುದು ಸೂರ್ಯನ ಬಿಸಿಲನ್ನೂ ಮಳೆಯನ್ನೂ. ಆದುದರಿಂದ ಮೊದಲು ತಾರೀಖನ್ನು ಬರೆದು, ಪಕ್ಕದಲ್ಲಿ ಹಬ್ಬದ ಹೆಸರನ್ನೋ ತಿಥಿಯನ್ನೋ ಬರೆಯುವುದು ಸರಿಯಾದ ಕ್ರಮ. ಒಂದು ಲೆಕ್ಕಕ್ಕೆ ಬೇಕು, ಇನ್ನೊಂದು ನೆನಪಿಗೆ ಬೇಕು.

ಇಂತಹ ಪುಸ್ತಕದಿಂದ ನೆಡುವ ಕೆಲಸಕ್ಕೇನು ಲಾಭವೆಂದು ಕೇಳಬಹುದು. ಮಲ್ಲಿಗೆಯ ಜಾತಿಯನ್ನೇ ನೋಡೋಣ. ನಮ್ಮ ಸೀಮೆಯ ಅಂಗಳಗಳಲ್ಲಿ ಮೂರು ಬಗೆ ಸಾಮಾನ್ಯ: ಗುಂಡುಮಲ್ಲಿಗೆ, ಸೂಜಿಮಲ್ಲಿಗೆ, ಜಾಜಿ. ಗುಂಡುಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸವರಿ, ಬುಡಕ್ಕೆ ಕೊಟ್ಟಿಗೆಯ ಗೊಬ್ಬರವನ್ನು ಕೊಟ್ಟರೆ ಮಾರ್ಚಿಯಿಂದ ಹೂ ಬಿಡುತ್ತದೆ. ಜಾಜಿಯನ್ನು ಡಿಸೆಂಬರ್ ಕೊನೆಗೂ ಸೂಜಿಮಲ್ಲಿಗೆಯನ್ನು ಜನವರಿ ಕೊನೆಗೂ ಸವರುವುದು ವಾಡಿಕೆ. ತಿಂಗಳನ್ನು ತಪ್ಪಿ ಕತ್ತರಿ ಹಾಕಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತಾದೀತು. ಹೊಸ ಸಸಿಗಳನ್ನು ನೆಡುವುದಕ್ಕೆ ವಸಂತದ ಬಿಸಿಲು ತಕ್ಕದ್ದಲ್ಲ. ವಸಂತದಲ್ಲಿ ಹೂವನ್ನು ನೋಡಿ ಬರೆದುಕೊಂಡು, ಜೂನ್ ತಿಂಗಳಿಂದ ನವೆಂಬರ್‌ವರೆಗಿನ ತಂಪಿನಲ್ಲಿ ನೆಡಬೇಕು. ಆಡಿ ಮಾಸದ ಹದವನ್ನು ಹುಡುಕಿ ಬಿತ್ತೆಂಬ ತಮಿಳರ ಗಾದೆ ಈ ನೆಲದ ಅನುಭವದಿಂದಲೇ ಹುಟ್ಟಿದುದು.

ಸೇವಂತಿಗೆಗೆ ಇನ್ನೊಂದು ಗುಣವುಂಟು. ಇರುಳು ದೀರ್ಘವಾದಾಗಲೇ ಅದು ಮೊಗ್ಗು ಹಿಡಿಯುವುದು. ಜೂನ್, ಜುಲೈ ತಿಂಗಳಲ್ಲಿ ನೆಟ್ಟ ಗಿಡ ವರ್ಷದ ಕೊನೆಗೆ ಹೂ ಕೊಡುತ್ತದೆ. ಆದರೆ ಬೀದಿಯ ದೀಪದ ಕೆಳಗೆ ನೆಟ್ಟ ಗಿಡಕ್ಕೆ ಇರುಳೇ ಇಲ್ಲದಂತಾಗಿ ಹೂ ತಡವಾಗಬಹುದು. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿರುವ ಕಡೆ ಮಲ್ಲಿಗೆಯ ಎಳೆಯೆಲೆಗಳು ಹಳದಿಗೆ ತಿರುಗಿ, ನರಗಳು ಮಾತ್ರ ಹಸುರಾಗಿ ಉಳಿಯುವುದನ್ನು ತಾವು ನೋಡಿರಬಹುದು. ಅದು ಕಬ್ಬಿಣದ ಕೊರತೆ. ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿದರೆ ಹಸುರು ಮರಳುತ್ತದೆ. ಇವೆಲ್ಲವನ್ನೂ ತಾರೀಖಿನೊಡನೆ ಬರೆದಿಟ್ಟರೆ ಮುಂದಿನ ವರ್ಷ ಯಾರನ್ನೂ ಕೇಳಬೇಕಾಗಿಲ್ಲ. ಕೇಳಬೇಕಾದರೂ ದೂರ ಹೋಗಬೇಕಾಗಿಲ್ಲ. 1971ರಲ್ಲಿ ವಿಶ್ವವಿದ್ಯಾಲಯವಾಗಿ ಬೆಳೆದ ಕೃಷಿ ವಿದ್ಯಾಲಯ ನಮ್ಮ ಕೊಯಮತ್ತೂರಿನಲ್ಲಿಯೇ ಇದೆ. ಈ ಊರಿನ ಹೆಸರಿನ ಮೊದಲಕ್ಷರವನ್ನು ಹೊತ್ತ ಕೋ.1, ಕೋ.2 ಎಂಬ ಮುಲ್ಲೈ ತಳಿಗಳು ಅಲ್ಲಿಂದಲೇ ಬಂದವು.

ಈಗ ಭಾಷೆಯ ಬಾಗಿಲಿಗೆ ಬಂದೆವು. ಗಿಡವನ್ನು ಕೊಳ್ಳಲು ನಮ್ಮ ಮಕ್ಕಳು ಸಸ್ಯಮಾರುಕಟ್ಟೆಗೆ ಹೋಗಿ ‘ಸಂಪಂಗಿ’ ಕೊಡಿರೆಂದು ಕೇಳಿದರೆ ಅವರ ಕೈಗೆ ಬರುವುದು ಸಂಪಿಗೆಯ ಸಸಿಯಲ್ಲ, ಸುಗಂಧರಾಜದ ಗೆಡ್ಡೆ. ಇಲ್ಲಿಯ ತಮಿಳಿನಲ್ಲಿ ಸಂಪಂಗಿಯೆಂದರೆ ಸುಗಂಧರಾಜ. ನಮ್ಮ ಸಂಪಿಗೆಗೆ ಅವರು ಶೆಣ್ಬಗಮೆನ್ನುವರು. ನಮ್ಮ ಸೂಜಿಮಲ್ಲಿಗೆ ಅವರಿಗೆ ಮುಲ್ಲೈ, ನಮ್ಮ ಜಾಜಿ ಅವರಿಗೆ ಪಿಚ್ಚಿ. ಈ ಮೂರನ್ನೂ ‘ಮಲ್ಲಿ’ಯೆಂದು ಒಂದೇ ಹೆಸರಿನಿಂದ ಕರೆಯುವ ಮಗುವಿಗೆ ಯಾವುದನ್ನು ಯಾವ ತಿಂಗಳಲ್ಲಿ ಸವರಬೇಕೆಂಬುದು ಹೇಗೆ ತಿಳಿದೀತು?

ಇನ್ನೂ ಎಚ್ಚರದಿಂದಿರಬೇಕಾದ ಹೆಸರೊಂದುಂಟು. ಕನ್ನಡದಲ್ಲಿ ಅರಳಿಯೆಂದರೆ ನಾವು ಪ್ರದಕ್ಷಿಣೆ ಬರುವ ಅಶ್ವತ್ಥ. ತಮಿಳಿನಲ್ಲಿ ಅರಳಿಯೆಂದರೆ ನಮ್ಮ ಕಣಗಿಲೆ. ಅಶ್ವತ್ಥಕ್ಕೆ ಅವರು ಅರಸಮರವೆನ್ನುವರು. ಕಣಗಿಲೆಯ ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ಹೃದಯಕ್ಕೆ ಕೇಡು ಮಾಡುವಂಥದು. ಅಜ್ಜಿಯು ಅರಳಿಯ ಎಲೆಯನ್ನು ತರಲು ಹೇಳಿ, ಮೊಮ್ಮಗನು ಬೀದಿಯಲ್ಲಿ ಕಲಿತ ಅರ್ಥದಂತೆ ಎಲೆಯನ್ನು ಕಿತ್ತು ತಂದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಅಜ್ಜಿಯ ಮಾತೂ ಸರಿ, ಮೊಮ್ಮಗನ ಮಾತೂ ಸರಿ. ಇಬ್ಬರ ನಡುವೆ ಹೆಸರು ಮಾತ್ರ ದಾರಿತಪ್ಪಿದೆ.

ಹೀಗೆಂದು ನೆರೆಯ ಭಾಷೆಯ ಮೇಲೆ ನಮಗೆ ಮುನಿಸಿಲ್ಲ, ಇರಲೂಬಾರದು. ಹೂ ಅವರಲ್ಲಿ ಪೂ, ಬೇರು ಅವರಲ್ಲಿ ವೇರ್, ಬೇವು ಅವರಲ್ಲಿ ವೇಂಬು, ಹೊಂಗೆ ಅವರಲ್ಲಿ ಪುಂಗು. ಅಕ್ಕತಂಗಿಯರ ಮುಖಸಾಮ್ಯವಿದು. ನಮ್ಮ ಹಳಗನ್ನಡದ ಮೊಲ್ಲೆ ಅವರ ಮುಲ್ಲೈಗೆ ಬಂಧುವೇ. ಅಂಗಳದ ಪುಸ್ತಕದಲ್ಲಿ ಎರಡು ಹೆಸರುಗಳನ್ನೂ ಅಕ್ಕಪಕ್ಕದಲ್ಲಿ ಕನ್ನಡದ ಲಿಪಿಯಲ್ಲಿ ಬರೆದರೆ ಮಕ್ಕಳಿಗೆ ಎರಡೂ ಭಾಷೆ ತಿಳಿಯುತ್ತವೆ; ಒಂದು ಮತ್ತೊಂದನ್ನು ನುಂಗುವುದಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಬಿ.ಜಿ.ಎಲ್. ಸ್ವಾಮಿಯವರು ತಮಿಳುನಾಡಿನಲ್ಲಿದ್ದುಕೊಂಡೇ ಗಿಡಮರಗಳ ವಿಷಯವನ್ನು ರಸವತ್ತಾದ ಕನ್ನಡದಲ್ಲಿ ಬರೆದರು. ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಗಡಿಯಾಚೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕೆ?

ಮನೆಯವರು ಬರೆದ ಹೂವಿನ ಲೆಕ್ಕ ಮನೆಗಷ್ಟೇ ಮೀಸಲಾಗಿ ಉಳಿಯುವುದೂ ಇಲ್ಲ. ಇಂಗ್ಲೆಂಡಿನ ನಾರ್ಫಕ್ ಪ್ರಾಂತದಲ್ಲಿ ರಾಬರ್ಟ್ ಮಾರ್ಷಮ್ ಎಂಬ ಗೃಹಸ್ಥನು 1736ರಲ್ಲಿ ವಸಂತದ ಮೊದಲ ಹೂ, ಮೊದಲ ಚಿಗುರುಗಳ ದಿನವನ್ನು ಬರೆಯತೊಡಗಿದನು. ಅವನ ವಂಶದವರು 1958ರವರೆಗೆ ಆ ಕೆಲಸವನ್ನು ಮುಂದುವರಿಸಿದರು. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂವಿನ ಉತ್ಸವಗಳ ವಿಚಾರವನ್ನು ಅರಮನೆಯವರೂ ಸನ್ಯಾಸಿಗಳೂ ದಿನಚರಿಗಳಲ್ಲಿ ಬರೆದಿಟ್ಟ ಫಲವಾಗಿ ಒಂಬತ್ತನೆಯ ಶತಮಾನದಿಂದೀಚಿನ ಲೆಕ್ಕ ದೊರೆತಿದೆ. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಹೂ ಪೂರ್ಣವಾಗಿ ಅರಳಿತು. ಸಾವಿರದಿನ್ನೂರು ವರ್ಷಗಳಲ್ಲಿ ಅಷ್ಟು ಬೇಗ ಅರಳಿದ್ದಿಲ್ಲ. ಭೂಮಿ ಬಿಸಿಯಾಗುತ್ತಿರುವುದಕ್ಕೆ ಇದೂ ಒಂದು ಸಾಕ್ಷಿಯೆಂದು ವಿಜ್ಞಾನಿಗಳು ಹೇಳುತ್ತಾರೆ. ಆ ದಿನಚರಿಗಳನ್ನು ಬರೆದವರಿಗೆ ಈ ಉಪಯೋಗದ ಕಲ್ಪನೆ ಇದ್ದಿರಲಾರದು. ನಮ್ಮ ದೇಶದಲ್ಲಿಯೂ ಸೀಸನ್‌ವಾಚ್ ಎಂಬ ಹೆಸರಿನಲ್ಲಿ ಶಾಲೆಯ ಮಕ್ಕಳೂ ಸಾಮಾನ್ಯ ಜನರೂ ಮರಗಳ ಹೂ, ಕಾಯಿ, ಚಿಗುರುಗಳ ಲೆಕ್ಕವನ್ನು ಬರೆಯುತ್ತಿದ್ದಾರೆ.

ಕೆಲಸ ಕಷ್ಟದ್ದಲ್ಲ. ಗೆರೆಯೆಳೆದ ಒಂದು ನೋಟುಪುಸ್ತಕ ಸಾಕು. ತಾರೀಖು, ತಿಥಿ ಅಥವಾ ಹಬ್ಬ, ಗಿಡದ ಕನ್ನಡ ಹೆಸರು, ತಮಿಳು ಹೆಸರು, ಕಂಡ ವಿಷಯ, ಮಾಡಿದ ಕೆಲಸ ಎಂದು ಆರು ಅಂಕಣಗಳಿರಲಿ. ವರ್ಷವರ್ಷವೂ ಅದೇ ಗಿಡವನ್ನೇ ನೋಡಬೇಕು. ಗಿಡ ಬದಲಾದರೆ ಲೆಕ್ಕ ಕೆಡುತ್ತದೆ. ಮೊದಲ ಹೂ ಅರಳಿದ ದಿನ, ಗಿಡ ತುಂಬ ಹೂವಾದ ದಿನ, ಹೂ ಮುಗಿದ ದಿನ, ಈ ಮೂರನ್ನು ಬಿಡದೆ ಬರೆಯಬೇಕು. ಮಳೆ ಬಂದ ದಿನವನ್ನೂ ಸೇರಿಸಿದರೆ ಒಳ್ಳೆಯದು. ಹೆಸರನ್ನು ಹಿರಿಯರು ಹೇಳಲಿ, ಅಕ್ಷರವನ್ನು ಮಕ್ಕಳು ಬರೆಯಲಿ. ಶಾಲೆಯಲ್ಲಿ ತಮಿಳನ್ನೋ ಇಂಗ್ಲಿಷನ್ನೋ ಓದುವ ಮಗುವಿಗೆ ಕನ್ನಡದಲ್ಲಿ ಬರೆಯುವುದಕ್ಕೆ ಮನೆಯಲ್ಲಿ ಕಾರಣವೇ ಇಲ್ಲವಾಗಿದೆಯೆಂಬುದು ನಮ್ಮೆಲ್ಲರ ಕೊರಗು. ವಾರಕ್ಕೆರಡು ಸಾಲು ಬರೆಯುವುದಕ್ಕೆ ಮಲ್ಲಿಗೆಯ ಗಿಡವೇ ಕಾರಣವಾಗಲಿ.

ಬರುವ ಯುಗಾದಿಗೆ ಪ್ರತಿಯೊಂದು ಮನೆಯೂ ಪುಸ್ತಕವನ್ನು ತೆರೆಯಲೆಂದೂ, ಮುಂದಿನ ವಾರ್ಷಿಕೋತ್ಸವಕ್ಕೆ ಮಕ್ಕಳು ಅವನ್ನು ಈ ಸಭೆಗೆ ತರಲೆಂದೂ ಬೇಡುತ್ತೇವೆ. ಯಾವ ಬೀದಿಯಲ್ಲಿ ಬೇವು ಮೊದಲು ಹೂವಾಯಿತು, ಯಾರ ಮನೆಯ ಗುಂಡುಮಲ್ಲಿಗೆ ತಡವಾಯಿತು ಎಂಬುದನ್ನು ಅವರು ಕನ್ನಡದಲ್ಲಿ ಓದಿ ಹೇಳಲಿ. ನಾವೆಲ್ಲರೂ ಕುಳಿತು ಕೇಳೋಣ.