ಶಿಫಾರಸು ಪತ್ರ ಯಾರಿಂದ ಬರೆಸಬೇಕು?



ಕಾಲೇಜಿಗೆ ಶಿಫಾರಸು ಪತ್ರ ಬೇಕೆಂದಾಗ ಮನೆಯವರಿಗೆ ಮೊದಲು ನೆನಪಾಗುವುದು ಶಾಸಕರು, ಇಲ್ಲವೇ ಜಮಾಅತ್ ಅಧ್ಯಕ್ಷರು. ಆದರೆ ಆ ಪತ್ರ ಒಂದು ಸಾಕ್ಷಿ. ಕಣ್ಣಾರೆ ಕಂಡವರೇ ಸಾಕ್ಷಿ ಹೇಳಬೇಕು. ಅಮೆರಿಕದ ಎಂಐಟಿ 2 ಶಿಕ್ಷಕರ ಪತ್ರ ಕೇಳುತ್ತದೆ: ಒಬ್ಬರು ಗಣಿತ ಅಥವಾ ವಿಜ್ಞಾನದವರು, ಇನ್ನೊಬ್ಬರು ಭಾಷೆ ಅಥವಾ ಸಮಾಜ ವಿಷಯದವರು.

ಹೆಚ್ಚು ಅಂಕ ಕೊಟ್ಟವರಿಗಿಂತ, ತಿಳಿಯದ ಪಾಠವನ್ನು ನೀವು ಮತ್ತೆ ಮತ್ತೆ ಕೇಳಿ ಕಲಿತದ್ದನ್ನು ನೋಡಿದವರೇ ಮೇಲು. ಸಂಜೆ ಅಂಗಡಿಯಲ್ಲಿ ದುಡಿದು ಓದಿದ್ದರೆ ಅದನ್ನು ಮುಚ್ಚಿಡಬೇಡಿ, ಶಿಕ್ಷಕರಿಗೆ ಹೇಳಿ. 3 ವಾರ ಮೊದಲೇ ಹೋಗಿ, ಅಂಕಪಟ್ಟಿಯ ಜೊತೆ ನಿಮ್ಮ ಕೆಲಸಗಳನ್ನು ಒಂದು ಪುಟದಲ್ಲಿ ಬರೆದುಕೊಡಿ. ಅವರು ಹಿಂಜರಿದರೆ ಒತ್ತಾಯಿಸದೆ ಬೇರೆಯವರನ್ನು ಕೇಳಿ.

ಅಲ್ಲಾಹನು ನಿಮ್ಮ ಶ್ರಮಕ್ಕೆ ಬರಕತ್ ನೀಡಲಿ.